ವಾದಿಸುವ ಹೆಣ್ಣು ಮತ್ತು ನಮ್ಮ ಛಾಪಾ ಕಾಗದ

ಕೆಲವು ವರ್ಷಗಳ ಹಿಂದೆ ಅರಸೀಕೆರೆ ಕಡೆಯ ಒಂದು ಮನೆಯ ಪಡಸಾಲೆಯಲ್ಲಿ ನಾವು ಐದು ಮಂದಿ ಗಂಡಸರು ಸೇರಿ ಒಂದು ದಾಂಪತ್ಯವನ್ನು ಮುಗಿಸಿದೆವು. ನಾವು ಹೋಗುವ ಮೊದಲೇ ಛಾಪಾ ಕಾಗದದ ಮೇಲೆ ಎಲ್ಲವೂ ಟೈಪಾಗಿತ್ತು. ಮಹ್ರ್ ಮತ್ತು ಇದ್ದತ್‌ನ ಖರ್ಚು ಸಂದಿದೆ, ಇನ್ನು ಮುಂದೆ ತನಗಾಗಲೀ ತನ್ನ ಇಬ್ಬರು ಮಕ್ಕಳಿಗಾಗಲೀ ಗಂಡನಿಂದ ಏನೂ ಬರಬೇಕಾದುದಿಲ್ಲ ಎಂದು ಹೆಂಡತಿಯೇ ಬರೆದುಕೊಟ್ಟಂತೆ ಅದರಲ್ಲಿತ್ತು. ಆಕೆ ಪರದೆಯ ಹಿಂದೆ ಇದ್ದಳು. ಕಾಗದವೂ ಪೆನ್ನೂ ಒಳಗೆ ಹೋದವು, ಸಹಿಯಾಗಿ ಹೊರಗೆ ಬಂದವು. ಉರ್ದು ಮಾತ್ರ ಓದಬಲ್ಲ ಆ ಹೆಣ್ಣಿಗೆ ಕನ್ನಡದ ಆ ಕಾಗದವನ್ನು ಯಾರಾದರೂ ಓದಿ ಹೇಳಿದರೇ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಚಹಾ ಬಂತು, ಕುಡಿದೆವು. ‘ಕೋರ್ಟು ಕಚೇರಿಯೆಂದು ಹೋಗದೆ ಮನೆಯ ಮಾನ ಉಳಿಯಿತು’ ಎಂದು ಹಿಂದಿರುಗುವಾಗ ನಾನೇ ಹೇಳಿದೆ.

ಆ ಮಾತನ್ನು ಹಿಂತೆಗೆದುಕೊಳ್ಳಲು ಈ ಲೇಖನ ಬರೆಯುತ್ತಿದ್ದೇನೆ.

ಅರಸೀಕೆರೆಯಲ್ಲಿ, ಬೇಲೂರಿನಲ್ಲಿ, ಹಳೇಬೀಡಿನಲ್ಲಿ ಹೆಣ್ಣಿನ ಕಡೆಯವರು ವಕೀಲರ ಹೆಸರೆತ್ತಿದೊಡನೆ ಹಿರಿಯರ ಮುಖ ಸಿಂಡರಿಸುತ್ತದೆ. ವಕೀಲರು ಮನೆ ಮುರಿಯುವವರು, ದೀನ್‌ನ ವಿಷಯ ಜಮಾಅತ್‌ನೊಳಗೇ ಮುಗಿಯಲಿ ಎನ್ನುತ್ತಾರೆ. ಆದರೆ ತೆಂಗಿನ ತೋಟದ ಬದುವಿನ ತಕರಾರು ಬಂದಾಗ ಇದೇ ಹಿರಿಯರು ಪಹಣಿ, ಸರ್ವೆ ನಕ್ಷೆಗಳನ್ನು ಕಂಕುಳಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತುತ್ತಾರೆ. ಕೊಬ್ಬರಿಯ ಬಾಕಿ ಹಣಕ್ಕೆ ನೋಟಿಸು ಕೊಡಿಸುತ್ತಾರೆ. ಆಗ ಯಾರಿಗೂ ತವಕ್ಕುಲ್‌ನ ನೆನಪಾಗುವುದಿಲ್ಲ. ಎರಡು ಅಡಿ ಮಣ್ಣಿಗೆ ಬೇಕಾದ ವಕೀಲ ಎರಡು ಮಕ್ಕಳ ಅನ್ನಕ್ಕೆ ಬೇಡವಾಗುವುದು ಯಾವ ದೀನ್?

ನಾವು ಪಡಸಾಲೆಯಲ್ಲಿ ಮಾಡಿದ್ದಾದರೂ ದೀನ್ ಆಗಿತ್ತೇ ಎಂಬುದನ್ನು ನೋಡೋಣ. ದಂಪತಿಗಳು ಅಗಲುವ ಭೀತಿಯಿದ್ದರೆ ಗಂಡನ ಕಡೆಯಿಂದ ಒಬ್ಬ, ಹೆಂಡತಿಯ ಕಡೆಯಿಂದ ಒಬ್ಬ ಮಧ್ಯಸ್ಥನನ್ನು ನೇಮಿಸಬೇಕೆಂದು ಪವಿತ್ರ ಕುರ್‌ಆನ್ ಹೇಳುತ್ತದೆ (4:35). ಅಗಲುವುದಾದರೆ ಸೌಜನ್ಯದಿಂದ ಅಗಲಬೇಕು (2:229), ವಿಚ್ಛೇದಿತೆಗೆ ಶಿಷ್ಟ ರೀತಿಯಲ್ಲಿ ಜೀವನದ ಸೌಕರ್ಯ ಒದಗಿಸಬೇಕು (2:241), ನ್ಯಾಯನಿಷ್ಠರಾದ ಇಬ್ಬರು ಸಾಕ್ಷಿಗಳಿರಬೇಕು (65:2). ನಮ್ಮ ಐವರಲ್ಲಿ ಆಕೆಯ ಕಡೆಯವನೆಂದು ಕರೆಸಿಕೊಂಡವನು ಒಬ್ಬನೇ, ಅವನೂ ಗಂಡನ ಅಂಗಡಿಯಲ್ಲಿ ಸಾಲವಿದ್ದವನು. ಸಾಕ್ಷಿಗಳ ನ್ಯಾಯನಿಷ್ಠೆಯ ಬಗ್ಗೆ ಹೇಳಲು ನನಗೆ ಬಾಯಿಲ್ಲ.

ಇನ್ನು ದಾಂಪತ್ಯದ ದೂರನ್ನು ಹೆಣ್ಣು ಹೊರಗೆ ಹೇಳಬಾರದೆಂಬ ಮಾತು. ಖೌಲಾ ಬಿಂತ್ ಸಅಲಬಾ(ರ) ಅವರನ್ನು ಪತಿಯು ‘ನೀನು ನನಗೆ ನನ್ನ ತಾಯಿಯ ಬೆನ್ನಿನಂತೆ’ ಎಂದು ದೂರ ಮಾಡಿದಾಗ ಅವರು ಮನೆಯ ಮಾನವೆಂದು ಸುಮ್ಮನೆ ಕೂರಲಿಲ್ಲ. ಪ್ರವಾದಿ(ಸ)ರ ಬಳಿಗೆ ಬಂದು ವಾದಿಸಿದರು, ಮತ್ತೆ ಮತ್ತೆ ವಾದಿಸಿದರು. ಅಲ್ಲಾಹನು ಆ ವಾದವನ್ನು ಆಲಿಸಿ ಅವರ ಪರವಾಗಿ ವಿಧಿಯನ್ನು ಇಳಿಸಿದನು. ಕುರ್‌ಆನಿನ 58ನೆಯ ಅಧ್ಯಾಯಕ್ಕೆ ಅಲ್ ಮುಜಾದಲಃ ಎಂಬ ಹೆಸರು ಬಂದದ್ದು ಆ ವಾದದಿಂದಲೇ. ವಾದಿಸುವ ಹೆಣ್ಣನ್ನು ನಾಚಿಕೆಗೆಟ್ಟವಳೆನ್ನುವವರು ಆ ಅಧ್ಯಾಯವನ್ನು ನಮಾಝಿನಲ್ಲಿ ಹೇಗೆ ಓದುತ್ತಾರೋ!

‘ಅದು ಪ್ರವಾದಿಯ ಸನ್ನಿಧಿ, ಇದು ಸರಕಾರದ ಕೋರ್ಟು’ ಎಂಬ ಉತ್ತರ ಬರುತ್ತದೆ. ಹಾಗೆನ್ನುವವರಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ ಚರಿತ್ರೆ ತಿಳಿದಿಲ್ಲ. ಗಂಡ ಕಾಣೆಯಾದರೂ, ಅನ್ನ ಹಾಕದಿದ್ದರೂ ಹನಫೀ ವಿಧಿಯಂತೆ ಹೆಣ್ಣಿಗೆ ಬಿಡುಗಡೆಯ ದಾರಿ ಕಾಣದಿದ್ದಾಗ ಮೌಲಾನಾ ಅಶ್ರಫ್ ಅಲಿ ಥಾನವಿಯವರು 1930ರ ದಶಕದ ಆರಂಭದಲ್ಲಿ ‘ಅಲ್ ಹೀಲತುನ್ನಾಜಿಝಾ’ ಬರೆದು, ಮಾಲಿಕೀ ವಿಧಿಯನ್ನು ಅನುಸರಿಸಬಹುದೆಂದು ತೀರ್ಪಿತ್ತರು. ಉಲಮಾಗಳ ಬೆಂಬಲದಿಂದಲೇ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಬಂತು. ಗಂಡ ನಾಲ್ಕು ವರ್ಷ ಕಾಣೆಯಾಗಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಕ್ರೂರವಾಗಿ ನಡೆಸಿಕೊಂಡರೆ ಹೆಂಡತಿಯು ನ್ಯಾಯಾಲಯದಿಂದ ವಿಚ್ಛೇದನ ಪಡೆಯಬಹುದು. ಉಲಮಾಗಳು ತೆರೆದ ಬಾಗಿಲಿಗೆ ನಾವು ಮಸೀದಿಯ ಕಮಿಟಿಯ ಹೆಸರಿನಲ್ಲಿ ಬೀಗ ಹಾಕಿದ್ದೇವೆ.

ಆ ಬಾಗಿಲು ಇಂದು ಹಿಂದೆಂದಿಗಿಂತ ಅಗತ್ಯ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದೇ ಉಸಿರಿನ ಮೂರು ತಲಾಕನ್ನು ಅಸಿಂಧುವೆಂದಿತು. 2019ರ ಕಾಯ್ದೆ ಅದಕ್ಕೆ ಮೂರು ವರ್ಷಗಳವರೆಗಿನ ಜೈಲು ಸೇರಿಸಿತು. ಆ ಶಿಕ್ಷೆಯ ಬಗ್ಗೆ ನನಗೂ ಆಕ್ಷೇಪವಿದೆ. ಜೈಲಿನಲ್ಲಿರುವವನು ಮಕ್ಕಳಿಗೆ ಎಲ್ಲಿಂದ ತಂದು ಹಾಕಿಯಾನು? ಆದರೆ ಈಗ ಕೆಲವು ಜಾಣರು ತಲಾಕನ್ನೇ ಹೇಳದೆ ಹೆಂಡತಿಯನ್ನು ತವರಿಗೆ ಕಳುಹಿಸಿ ಫೋನು ಎತ್ತುವುದನ್ನು ನಿಲ್ಲಿಸುತ್ತಾರೆ. ತಾವು ಇನ್ನೊಂದು ನಿಕಾಹ್ ಆಗುತ್ತಾರೆ. ಆಕೆ ಹೆಂಡತಿಯೂ ಅಲ್ಲ, ವಿಚ್ಛೇದಿತೆಯೂ ಅಲ್ಲ. ಹೀಗೆ ತೂಗಾಡುವಂತೆ ಬಿಡಬೇಡಿರೆಂದು ಕುರ್‌ಆನ್ (4:129) ಸ್ಪಷ್ಟವಾಗಿ ತಡೆದಿದೆ. ತೂಗಾಡುತ್ತಿರುವವಳಿಗೆ ಜಮಾಅತ್ ಕೊಡುವುದು ಸಬ್ರ್‌ನ ಉಪದೇಶ ಮಾತ್ರ.

ನಮ್ಮ ಜಿಲ್ಲೆಯವರೇ ಆದ, ಹಾಸನದಲ್ಲಿ ವಕೀಲಿ ವೃತ್ತಿ ಮಾಡಿದ ಬಾನು ಮುಷ್ತಾಕ್ ಅವರು ‘ಕರಿನಾಗರಗಳು’ ಕತೆಯಲ್ಲಿ ಇಂಥ ಒಬ್ಬಳನ್ನು ಮಕ್ಕಳೊಂದಿಗೆ ಮಸೀದಿಯ ಅಂಗಳದಲ್ಲಿ ಕೂರಿಸಿದ್ದಾರೆ. ಗಿರೀಶ್ ಕಾಸರವಳ್ಳಿ ಅದನ್ನೇ ‘ಹಸೀನಾ’ ಚಲನಚಿತ್ರವಾಗಿಸಿದರು. ಆ ಲೇಖಕಿಯ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕೆಂದೇನೂ ಇಲ್ಲ. ಆದರೆ ಅಂಗಳದಲ್ಲಿ ಕುಳಿತವಳನ್ನು ಕಂಡಿಲ್ಲವೆಂದು ಯಾವ ಮುತವಲ್ಲಿ ಆಣೆಯಿಟ್ಟು ಹೇಳಬಲ್ಲರು?

ವಕೀಲರು ಬಂದರೆ ಸಂಧಾನ ಕೆಡುತ್ತದೆಂಬುದೂ ಸರಿಯಲ್ಲ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಂತೆ ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಲಯದ ಕರ್ತವ್ಯ. 2002ರ ಶಮೀಮ್ ಆರಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದೂ ಅದನ್ನೇ: ತಲಾಕ್‌ಗೆ ಸಕಾರಣ ಬೇಕು, ಅದಕ್ಕೆ ಮುನ್ನ ಎರಡೂ ಕಡೆಯ ಮಧ್ಯಸ್ಥರ ಯತ್ನ ನಡೆದಿರಬೇಕು. ನಾವು ಪಡಸಾಲೆಯಲ್ಲಿ ಮರೆತ 4:35ನ್ನು ನಮಗೆ ನ್ಯಾಯಾಲಯ ನೆನಪಿಸಬೇಕಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಮುಂದೆ ಬೆಂಗಳೂರಿನ ಒಂದು ಪ್ರಕರಣ ಬಂತು. 1991ರಲ್ಲಿ ತಲಾಕ್ ಪಡೆದವಳು 2002ರಲ್ಲಿ ಜೀವನಾಂಶಕ್ಕೆ ದಾವೆ ಹೂಡಿದ್ದಳು, ತಿಂಗಳಿಗೆ 3,000 ರೂಪಾಯಿ ಆದೇಶವಾಗಿತ್ತು. ಅದನ್ನೂ ತಪ್ಪಿಸಿಕೊಳ್ಳಲು ಗಂಡ ಹೋರಾಡುತ್ತಿದ್ದ. ನಿಕಾಹ್ ಕರಾರೇ ಇರಬಹುದು, ಆದರೆ ಅದು ಮುರಿದೊಡನೆ ಎಲ್ಲ ಹೊಣೆಯೂ ಮುಗಿಯದೆಂದು ನ್ಯಾಯಮೂರ್ತಿಗಳು ಆತನ ಅರ್ಜಿಯನ್ನು 25,000 ರೂಪಾಯಿ ವೆಚ್ಚ ವಿಧಿಸಿ ವಜಾ ಮಾಡಿದರು. ತಲಾಕ್‌ನಿಂದ ಆ ದಿನದವರೆಗೆ ಮೂವತ್ತು ವರ್ಷ! ಮೊದಲ ವಾರವೇ ವಕೀಲರನ್ನು ಕಾಣಬೇಕೆನ್ನುವುದು ಇದಕ್ಕಾಗಿ.

ಹಣವಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಪ್ರತಿ ಹೆಣ್ಣಿಗೂ ಉಚಿತ ವಕೀಲರ ಹಕ್ಕಿದೆ. ಅರಸೀಕೆರೆಯವರಿಗೆ ಅರಸೀಕೆರೆಯ, ಹಳೇಬೀಡಿನವರಿಗೆ ಬೇಲೂರಿನ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. 15100ಕ್ಕೆ ಫೋನು ಮಾಡಿಯೂ ಕೇಳಬಹುದು. ಹೋಗುವಾಗ ನಿಕಾಹ್‌ನಾಮೆ, ಒಡವೆಯ ಪಟ್ಟಿ ಮತ್ತು ರಸೀದಿ, ಮಕ್ಕಳ ಜನನ ಪತ್ರ, ಗಂಡನ ಜಮೀನಿನ ಪಹಣಿ ಅಥವಾ ಸಂಬಳದ ವಿವರ, ಫೋನಿಗೆ ಬಂದ ಸಂದೇಶಗಳು ಜೊತೆಗಿರಲಿ. ತನಗೆ ವಿರುದ್ಧವಾದ ಸಂಗತಿಯನ್ನೂ ವಕೀಲರಿಂದ ಮುಚ್ಚಿಡಬಾರದು. ಖಾಲಿ ಹಾಳೆಗೆ ಸಹಿ ಹಾಕಬಾರದು. ಬರೆದದ್ದನ್ನು ತನ್ನ ಭಾಷೆಯಲ್ಲಿ ಓದಿಸಿ ಕೇಳಬೇಕು, ನಕಲು ಇಟ್ಟುಕೊಳ್ಳಬೇಕು, ಮುಂದಿನ ವಾಯಿದೆಯ ದಿನವನ್ನು ಬರೆದುಕೊಳ್ಳಬೇಕು.

ವಕೀಲರೆಲ್ಲ ಒಳ್ಳೆಯವರೆಂದು ನಾನು ಹೇಳುತ್ತಿಲ್ಲ. ನಡೆಯದ ಹೊಡೆತವನ್ನು ನಡೆದಂತೆ ಬರೆಸಿ, ಮುದಿ ಅತ್ತೆಯ ಹೆಸರನ್ನೂ ದೂರಿಗೆ ಸೇರಿಸಿದರೆ ಗಂಡ ಬೇಗ ಬಗ್ಗುತ್ತಾನೆ ಎನ್ನುವವರೂ ಇದ್ದಾರೆ. ಅಂಥವರಿಗೆ ಬೇಡವೆನ್ನುವುದು ಕಕ್ಷಿದಾರಳ ಹೊಣೆ. ಸುಳ್ಳು ಸಾಕ್ಷ್ಯವು ಮಹಾಪಾಪಗಳಲ್ಲೊಂದು, ಅನ್ಯಾಯಕ್ಕೊಳಗಾದವಳಿಗೂ ಅದರಲ್ಲಿ ರಿಯಾಯಿತಿಯಿಲ್ಲ.

ಮೊದಲು ಹೇಳಿದ ಹೆಣ್ಣು ಕಳೆದ ವರ್ಷ ಮಗಳ ಶಾಲೆಯ ಶುಲ್ಕಕ್ಕೆ ದಾರಿ ಕಾಣದೆ ಆ ಕಾಗದವನ್ನು ಒಬ್ಬ ವಕೀಲರ ಮುಂದಿಟ್ಟಳು. ಮಕ್ಕಳ ಜೀವನಾಂಶ ಮಕ್ಕಳ ಹಕ್ಕು, ತಾಯಿ ಬರೆದುಕೊಟ್ಟರೂ ಅದು ಹೋಗದು ಎಂದು ಅವರು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರಂತೆ. ಸರ್ವೋಚ್ಚ ನ್ಯಾಯಾಲಯ 2024ರ ಜುಲೈ 10ರಂದು ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಸಾಮಾನ್ಯ ಕಾನೂನಿನ ಜೀವನಾಂಶದ ದಾರಿ ತೆರೆದಿದೆ ಎಂದಿರುವುದನ್ನೂ ತಿಳಿಸಿದರಂತೆ. ಅರ್ಜಿ ಈಗ ವಿಚಾರಣೆಯಲ್ಲಿದೆ. ಆ ಕಾಗದದಲ್ಲಿ ಎರಡನೆಯ ಸಾಕ್ಷಿಯ ಸಹಿ ನನ್ನದು. ಅದನ್ನು ಆಕೆಗೆ ಯಾರೂ ಓದಿ ಹೇಳಿರಲಿಲ್ಲವೆಂದು ನ್ಯಾಯಾಲಯದಲ್ಲಿ ಹೇಳಲು ಸಿದ್ಧನಿದ್ದೇನೆಂದು ಆಕೆಯ ವಕೀಲರಿಗೆ ತಿಳಿಸಿ ಬಂದಿದ್ದೇನೆ. ಉಳಿದ ನಾಲ್ವರಲ್ಲಿ ಇಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ.