ಬೂದುಬಣ್ಣದ ಬಾಗಿಲು ಮಾಡಿದ ಅಪರಾಧವೇನು?

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಹಳೆಯ ಹೆಬ್ಬಾಗಿಲುಗಳಿಗೆ ಈಗ ಎರಡು ಗತಿಗಳು ಕಾದಿವೆ. ದಾರಂದ ಸಮೇತ ಕೀಳಿಸಿಕೊಂಡು ಹಳೆಸಾಮಾನಿನ ವ್ಯಾಪಾರಿಯ ಲಾರಿ ಏರುವುದು ಒಂದು. ಹೋಂಸ್ಟೇಯ ಅಂದಕ್ಕಾಗಿ ಗಾಜಿನಂತೆ ಹೊಳೆಯುವ ವಾರ್ನಿಷ್ ಹೊದೆಯುವುದು ಇನ್ನೊಂದು. ಬೂದುಬಣ್ಣಕ್ಕೆ ತಿರುಗಿದ ಮರ ಸತ್ತ ಮರ ಎಂಬ ತಪ್ಪು ತಿಳಿವಳಿಕೆಯೇ ಎರಡಕ್ಕೂ ಮೂಲ.

ಬಿಸಿಲಿನ ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುತ್ತವೆ. ಮಳೆ ಅದನ್ನು ತೊಳೆದೊಯ್ಯುತ್ತದೆ. ಉಳಿದ ನಾರಿನ ಮೇಲೆ ಬೂಷ್ಟು ಕೂರುತ್ತದೆ. ಈ ಬೂದು ಪದರದ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಅದರ ಕೆಳಗೆ ಬೀಟೆ ಬೀಟೆಯಾಗಿಯೇ, ಹಲಸು ಹಲಸಾಗಿಯೇ ಉಳಿದಿರುತ್ತದೆ. ದಬ್ಬಳದಿಂದ ಚುಚ್ಚಿ ನೋಡಬೇಕು. ಮೆತ್ತಗೆ ಒಳಗಿಳಿದ ಕಡೆ ಮಾತ್ರ ಕೊಳೆತಿದೆ. ಅದು ಹೆಚ್ಚಾಗಿ ನೀರು ಹೀರುವ ಬುಡದಲ್ಲಿ. ಅಷ್ಟನ್ನು ಕತ್ತರಿಸಿ ಬೇರೆ ತುಂಡು ಬೆಸೆಯಬಲ್ಲ ಆಚಾರಿಗಳು ಇನ್ನೂ ಇದ್ದಾರೆ, ಕರೆಯುವವರಿಲ್ಲ, ಅಷ್ಟೇ.

ವಾರ್ನಿಷ್ ರಕ್ಷಣೆಯಲ್ಲವೇ ಎಂದು ಕೇಳಬಹುದು. ಮಲೆನಾಡಿನ ಮಳೆಗೆ ಮರ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಗಟ್ಟಿಯಾದ ಪೊರೆ ಅದರೊಡನೆ ಹೊಂದಲಾರದೆ ಬಿರಿಯುತ್ತದೆ. ಬಿರುಕಿನಿಂದ ಒಳಹೊಕ್ಕ ನೀರು ಸುಲಭವಾಗಿ ಆರದು. ಕೊಳೆತ ಅಲ್ಲಿಂದಲೇ ಆರಂಭ. ಹಿರಿಯರು ಬಾಗಿಲನ್ನು ಕಾಯಲು ಆಳವಾದ ಸೂರು ಇಳಿಸಿದ್ದರು, ಮಳೆಗಾಲಕ್ಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮುಂಭಾಗದ ಚೆಲುವಿಗೆಂದು ಸೂರನ್ನೇ ಕತ್ತರಿಸಿದ ಮೇಲೆ ಬಾಗಿಲನ್ನು ದೂರುವುದು ಯಾವ ನ್ಯಾಯ?

ಹಾಗೆ ಕಿತ್ತ ಬಾಗಿಲಿನ ಜಾಗಕ್ಕೆ ಬರುವುದಾದರೂ ಏನು? ಬೀಟೆ ಬೆಳೆಯಲು ತಲೆಮಾರುಗಳೇ ಬೇಕು. ಅದರ ಅಂತರರಾಷ್ಟ್ರೀಯ ವ್ಯಾಪಾರವೇ 2017ರಿಂದ ನಿಯಂತ್ರಣದಲ್ಲಿದೆ. ತೋಟದ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ನೆರಳಿನ ಮರ, ಹೊರಬಾಗಿಲಾಗಿ ಬಾಳುವಂಥದ್ದಲ್ಲ. ಹೊರದೇಶದ ತೇಗ ತರಿಸಿದರೆ ಇನ್ನಾರದೋ ಕಾಡು ಖಾಲಿಯಾಗುತ್ತದೆ.

ಕಾಫಿ ಕೊಯ್ಲು ಮುಗಿದು ಹೂಮಳೆ ಬರುವ ಮುನ್ನ ಮರ ಚೆನ್ನಾಗಿ ಒಣಗಿರುತ್ತದೆ. ಆಗ ನಾರಿನ ದಿಕ್ಕಿನಲ್ಲೇ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಬಾಯ್ಲ್ಡ್ ಲಿನ್‌ಸೀಡ್ ಎಂದು ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಗೆ ತುಸು ಟರ್ಪೆಂಟೈನ್ ಬೆರೆಸಿ, ತೆಳುವಾಗಿ ಹಚ್ಚಿ, ಹೀರದೆ ಉಳಿದುದನ್ನು ಒರೆಸಬೇಕು. ಜಗಲಿಯ ಬೆಂಚಿಗೂ ಇದೇ ಉಪಚಾರ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗಿ ಗಟ್ಟಿಯಾಗುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಮತ್ತೊಂದು ಕೈ ಎಣ್ಣೆ ಬೇಕಾಗುತ್ತದೆ. ಮಳೆಗೆ ಮುನ್ನ ಹೆಂಚು ಕೈಯಾಡಿಸುವವರಿಗೆ ಇದೇನು ದೊಡ್ಡ ಕೆಲಸವಲ್ಲ. ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸ ಇರುವ ಸಂಭವ ಹೆಚ್ಚು: ಒದ್ದೆ ಮಾಡಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅಂಗಳದಲ್ಲಿ ಹರಡಿ ಒಣಗಿಸಬೇಕು.