ಶೋಕಿ ಮಾಡ್ತೀವಿ, ಏನೀಗ?

ಹೋದ ತಿಂಗಳು ಮಾನ್ವಿಯಲ್ಲಿ ನಮ್ಮದೇ ಒಂದು ಸಭೆ ಇತ್ತು. ನಾನು ಕವಿತೆ ಓದಬೇಕಿತ್ತು, ಓದಿದೆ. ಕೆಳಗೆ ಇಳಿದು ಬಂದ ಮೇಲೆ ಚಳವಳಿಯ ಹಿರಿಯರೊಬ್ಬರು ಮೈಕು ಹಿಡಿದರು. ಹೆಸರು ಬೇಡ. ವಯಸ್ಸಿನಲ್ಲಿ ನಮ್ಮಪ್ಪನಿಗಿಂತ ದೊಡ್ಡವರು, ಚಳವಳಿಯ ರೂಢಿಯಲ್ಲಿ ಅಣ್ಣ. ಅಂದರು: ‘ತಂಗೀ, ಕವಿತಿ ಚಲೋ ಐತಿ. ಆದ್ರ ಹೋರಾಟಕ್ಕ ಬರೋ ಹೆಣ್ಮಗಳಿಗೆ ಈ ಜೀನ್ಸು, ಈ ಕೆಂಪು ಜಾಕೀಟು, ಈ ಶೋಕಿ ಯಾಕ ಬೇಕು? ನಾವು ಎರಡು ಅಂಗಿಯೊಳಗ ಹತ್ತು ವರ್ಷ ಚಳವಳಿ ಕಟ್ಟೀವಿ.’ ಜನ ಚಪ್ಪಾಳೆ ಹೊಡೆದರು. ಹಿಂದೆ ಕುಂತಿದ್ದ ನಮ್ಮ ಕೇರಿ ಹುಡುಗರು, ಗಡ್ಡ ಬಿಟ್ಟವರು, ಕರಿ ಕನ್ನಡಕ ತಲೆ ಮೇಲೆ ಏರಿಸಿಕೊಂಡವರು, ನೆಲ ನೋಡಿದರು.

ಅವತ್ತು ನನಗೆ ಬಾಯಿ ಬರಲಿಲ್ಲ. ಈಗ ಬಂದಿದೆ. ಅಣ್ಣಾರೆ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಜಗಳ ತೆಗೆಯುತ್ತಿದ್ದೇನೆ.

ಮೊದಲು ಲೆಕ್ಕ ಒಪ್ಪಿಸುತ್ತೇನೆ. ಆ ಕೆಂಪು ಜಾಕೀಟಿಗೆ 80 ರೂಪಾಯಿ. ಜೀನ್ಸಿಗೆ 120. ಎರಡೂ ರಾಯಚೂರಿನಲ್ಲಿ ತೀನ್ ಕಂದೀಲ್ ಕಡೆಗೆ ಹೋಗುವಾಗ ರಸ್ತೆಬದಿಯ ರಾಶಿಯಿಂದ ಆರಿಸಿದ್ದು. ರಾಶಿ ಅಂದರೆ ರಾಶಿಯೇ. ತಾಡಪಾಲಿನ ಮೇಲೆ ಗುಡ್ಡದ ಹಾಗೆ ಸುರಿದ ಹಳೆ ಬಟ್ಟೆ, ಸುತ್ತ ಕುಕ್ಕುರುಗಾಲಲ್ಲಿ ಕುಂತ ಜನ. ತಳದಿಂದ ಎಳೆಯಬೇಕು, ಬಿಸಿಲಿಗೆ ಹಿಡಿಯಬೇಕು, ಬಗಲು ಬಿಟ್ಟಿದೆಯೋ ನೋಡಬೇಕು, ಗುಂಡಿ ಎಣಿಸಬೇಕು, ಜಿಪ್ಪು ಎಳೆದು ನೋಡಬೇಕು. ಪಕ್ಕದವಳ ಕೈಯಲ್ಲಿರುವುದೇ ಚೆಂದ ಕಾಣುತ್ತದೆ. ಅವಳು ಯಾವಾಗ ಕೈ ಬಿಡುತ್ತಾಳೋ ಅಂತ ಕಾಯಬೇಕು. ಮಾರುವ ಚಾಚಾನಿಗೆ ನಾವು ಯಾವ ಕೇರಿಯವರು ಅನ್ನುವುದು ಬೇಕಿಲ್ಲ. ‘ದೇಖೋ ಬೇಟಿ, ಫಾರಿನ್ ಮಾಲ್’ ಅನ್ನುತ್ತಾನೆ. 150 ಹೇಳುತ್ತಾನೆ. ನಾನು 50ಕ್ಕೆ ಕೇಳುತ್ತೇನೆ. ಅವನು ಅಲ್ಲಾನನ್ನು ಸಾಕ್ಷಿಗೆ ಕರೆಯುತ್ತಾನೆ. ನಾನು ಬಟ್ಟೆ ಎಸೆದು ಎದ್ದು ಹೊರಡುತ್ತೇನೆ. ಹತ್ತು ಹೆಜ್ಜೆ ಹೋಗುವುದರೊಳಗೆ ಹಿಂದಿನಿಂದ ಕರೆಯುತ್ತಾನೆ.

ಈ ಎದ್ದು ಹೊರಡುವುದು ಇದೆಯಲ್ಲ ಅಣ್ಣಾರೆ, ನನ್ನ ಇಡೀ ವಾದ ಇರುವುದು ಅಲ್ಲಿ. ನಮ್ಮವ್ವನಿಗೆ ಅದರ ರುಚಿ ಗೊತ್ತಿರಲಿಲ್ಲ. ಸಾಹುಕಾರರ ಮನೆಯ ಹಿತ್ತಲಲ್ಲಿ ಸೆಗಣಿ ಬಳಿದು ನಿಂತವಳ ಉಡಿಗೆ ಮೇಲಿನಿಂದ ಸೀರೆ ಬೀಳುತ್ತಿತ್ತು. ಬಣ್ಣ ಬೇಡ, ಅಂಚು ಬೇಡ ಅನ್ನುವ ಹಾಗಿರಲಿಲ್ಲ. ಬಿದ್ದದ್ದನ್ನು ಕಣ್ಣಿಗೆ ಒತ್ತಿಕೊಳ್ಳಬೇಕು.

ಒಂದು ಸಲ ಹಸಿರು ಫ್ರಾಕು ಬಿತ್ತು. ನನಗಾಗ ಒಂಬತ್ತು. ಕೊರಳಿಗೆ ಬಿಳಿ ಲೇಸು. ಆ ವರ್ಷದ ಜಾತ್ರೆಗೆ ಅದನ್ನೇ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ರಾಣಿಯ ಹಾಗೆ ಹೋದೆ. ತೇರಿನ ಹತ್ತಿರ ಸಾಹುಕಾರರ ಮಗಳು, ನನ್ನದೇ ಕ್ಲಾಸಿನವಳು, ಗೆಳತಿಯರ ಜೊತೆ ಬಂದಳು. ನನ್ನ ಕೊರಳಪಟ್ಟಿ ಹಿಡಿದು ತಿರುವಿ ತೋರಿಸಿದಳು. ‘ಇದು ನಂದು. ಇಲ್ಲಿ ಮಸಿ ಕಲಿ ಐತಿ ನೋಡ್ರಿ.’ ಇತ್ತು. ಅವ್ವ ಮೂರು ಸಲ ಸೋಡಾ ಹಾಕಿ ಒಗೆದರೂ ಹೋಗದ ಕಲೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳು ಸುಳ್ಳು ಹೇಳಲಿಲ್ಲ. ಫ್ರಾಕು ಅವಳದೇ ಆಗಿತ್ತು. ದಾನದ ಬಟ್ಟೆ ಮೈಮೇಲೆ ನಮ್ಮದು, ಒಡೆತನದಲ್ಲಿ ಕೊಟ್ಟವರದು. ಅವರು ಯಾವಾಗ ಬೇಕಾದರೂ ಕೊರಳಿಗೆ ಕೈ ಹಾಕಬಹುದು.

ಮರುವರ್ಷ, 2009ರ ಅಕ್ಟೋಬರಿನ ನೆರೆ. ತುಂಗಭದ್ರೆ ಊರೊಳಗೆ ಬಂದಳು. ಮಂತ್ರಾಲಯದ ಗುಡಿಯೇ ಮುಳುಗಿದ ಮೇಲೆ ನಮ್ಮ ಗುಡಿಸಲು ಯಾವ ಲೆಕ್ಕ. ಸಾಲಿಯಲ್ಲಿ ಇರಿಸಿದರು. ಎರಡು ದಿನಕ್ಕೆ ಲಾರಿ ಬಂತು, ಹಳೆ ಬಟ್ಟೆ ಸುರಿಯಿತು. ಅದೂ ಒಂದು ರಾಶಿ. ನನ್ನ ಪಾಲಿಗೆ ಬಂದದ್ದು ಮಿಣಮಿಣ ಚುಕ್ಕಿಯ, ಬೆನ್ನಿಲ್ಲದ ಒಂದು ಪಾರ್ಟಿ ಗೌನು. ನಮ್ಮಪ್ಪನಿಗೆ ಜಿಪ್ಪಿಲ್ಲದ ಪ್ಯಾಂಟು ಮತ್ತು ಒಂದು ಟೈ. ಟೈ ಏನು ಅಂತ ಗೊತ್ತಾಗದೆ ಅಪ್ಪ ಅದರಿಂದ ಪ್ಯಾಂಟು ಸೊಂಟಕ್ಕೆ ಬಿಗಿದುಕೊಂಡ. ಕೊಟ್ಟವರು ಫೋಟೋ ತೆಗೆಸಿಕೊಂಡರು. ಅಪ್ಪ ಆ ಫೋಟೋದಲ್ಲಿ ಇದ್ದಾನೆ, ಎರಡೂ ಕೈ ಮುಂದೆ ಹಿಡಿದು ಮಾನ ಮುಚ್ಚಿಕೊಂಡು.

ಅದೇ ತರದ ಬಟ್ಟೆ ಇವತ್ತು ರಾಯಚೂರಿನ ರಸ್ತೆಬದಿ ಬಿದ್ದಿರುತ್ತದೆ. ಬಟ್ಟೆ ಅದೇ, ರಾಶಿ ಬೇರೆ. ಒಂದರ ಮುಂದೆ ಕೈ ಚಾಚಿ ನಿಂತಿದ್ದೆವು, ಇನ್ನೊಂದರ ಮುಂದೆ ಕುಂತು ಆರಿಸುತ್ತೇವೆ. ನನ್ನ ಕೆಂಪು ಜಾಕೀಟಿನ ಕೊರಳಪಟ್ಟಿಯೊಳಗೂ ಒಂದು ಚೀಟಿ ಇದೆ. ಯಾವುದೋ ಭಾಷೆ, ನನಗೆ ಓದಲು ಬರುವುದಿಲ್ಲ. ಅದನ್ನು ಮೊದಲು ತೊಟ್ಟವಳು ಯಾರೋ, ಯಾವ ದೇಶದವಳೋ. ಅವಳು ಮಾನ್ವಿ ಜಾತ್ರೆಗೆ ಬಂದು ‘ಇದು ನಂದು’ ಅನ್ನುವುದಿಲ್ಲ.

ರಾಶಿಯ ಮುಂದೆ ನನ್ನಂಥ ಓದಿದ ಹುಡುಗಿಯರಷ್ಟೇ ಇರುತ್ತಾರೆ ಅಂದುಕೊಳ್ಳಬೇಡಿ. ದೇವದುರ್ಗದ ಕಡೆ ಹತ್ತಿ ಬಿಡಿಸಲು ಹೋಗುವ ಹೆಂಗಸರನ್ನು ನೀವು ನೋಡಿದ್ದೀರಿ. ನಸುಕಿಗೆ ಟಂಟಂನಲ್ಲಿ ಕುರಿಯ ಹಾಗೆ ತುಂಬಿಕೊಂಡು ಹೊರಡುತ್ತಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಹತ್ತಿ ಕಾಯಿಯ ಒಣಮೊನೆ ಮುಂಗೈ ಗೀರುತ್ತದೆ, ಮೇಲೆ ಬಿಸಿಲು, ಎಲೆಗೆ ಹೊಡೆದ ಎಣ್ಣೆಯ ವಾಸನೆ. ಅದಕ್ಕೆ ಅಂಗಿ ಬೇಕು. ಆ ಅಂಗಿ ಬರುವುದು ಈ ರಾಶಿಯಿಂದ. ಅವರು ಬಿಡಿಸಿದ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬರುತ್ತದೆ, ನಾಡಿನ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಅದೂ ಒಂದು. ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ಬಿಟ್ಟು, ಬೇಲಾಗಿ, ಲಾರಿ ಏರಿ ಎಲ್ಲೆಲ್ಲಿಗೋ ಹೋಗುತ್ತದೆ. ನೂಲಾಗಿ, ಬಟ್ಟೆಯಾಗಿ, ಯಾರ ಮೈಮೇಲೋ ಹಳತಾದ ಮೇಲೆ ಬಿಡಿಸಿದವಳ ಹತ್ತಿರ ಬರುತ್ತದೆ. ಅದನ್ನೂ ಅವಳು ದುಡ್ಡು ಕೊಟ್ಟೇ ಕೊಳ್ಳುತ್ತಾಳೆ.

ನಮ್ಮ ದೊಡ್ಡವ್ವ ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಹೋದ ಹಂಗಾಮಿಗೆ ಅವಳನ್ನು ರಾಶಿಯ ಮುಂದೆ ಕರೆದುಕೊಂಡು ಹೋದೆ. ಬಿಳಿ ಗೆರೆಯ ಗಟ್ಟಿ ಅಂಗಿಯೊಂದು 40ಕ್ಕೆ ಸಿಗುತ್ತಿತ್ತು. ದೊಡ್ಡವ್ವ ಅದನ್ನು ಬಿಟ್ಟು, ದೊಡ್ಡ ದೊಡ್ಡ ಕೆಂಪು ದಾಸವಾಳ ಬಿಡಿಸಿದ ಅಂಗಿ ಹಿಡಿದು ಕುಂತಳು. ಅದು 60.

‘ಹೊಲದಾಗ ಯಾರು ನೋಡ್ತಾರ ದೊಡ್ಡವ್ವ?’

‘ಯಾಕ, ನಾ ನೋಡ್ಕಳಲ್ಲೇನು?’

ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಹೂವು ಕೊಂಡಳು. ಅಣ್ಣಾರೆ, ಹೋಗಿ ಅವಳಿಗೆ ಹೇಳಿ ಬರ್ರಿ ಶೋಕಿ ತಪ್ಪು ಅಂತ.

ಹಳೆ ಬಟ್ಟೆಗೆ ಹೇಸುವವಳು ನಮ್ಮವ್ವ. ‘ಸತ್ತವರದ್ದು ಇದ್ದೀತು’ ಅನ್ನುತ್ತಾಳೆ. ನಾನು ತಂದದ್ದನ್ನೆಲ್ಲ ಕುದಿಯುವ ನೀರಿಗೆ ಹಾಕುತ್ತಾಳೆ. ಅವಳ ಹೇಸಿಕೆಗೆ ಕಾರಣ ಇದೆ. ಅವಳ ಅಪ್ಪ ಊರ ಹೆಣಗಳಿಗೆ ಕುಣಿ ತೋಡುತ್ತಿದ್ದ. ಹೆಣದ ಮೇಲಿನ ಬಟ್ಟೆ ಅವನಿಗೆ. ಅದಕ್ಕೆ ‘ಹಕ್ಕು’ ಅನ್ನುವ ಹೆಸರು ಬೇರೆ! ಮನುಸ್ಮೃತಿಯ ಹತ್ತನೆಯ ಅಧ್ಯಾಯ ತೆಗೆದು ನೋಡಿ. ಚಂಡಾಲರಿಗೆ ಹೆಣದ ಬಟ್ಟೆ, ಒಡೆದ ಪಾತ್ರೆಯ ಊಟ, ಕಬ್ಬಿಣದ ಒಡವೆ. ಸೇವೆ ಮಾಡುವ ಶೂದ್ರನಿಗೆ ಉಂಡು ಮಿಕ್ಕ ಅನ್ನ, ಉಟ್ಟು ಹಳತಾದ ಬಟ್ಟೆ. ನಾವು ಏನು ಉಡಬೇಕು ಅನ್ನುವುದು ಧರ್ಮದ ಪ್ರಶ್ನೆಯಾಗಿ ಸಾವಿರಾರು ವರ್ಷ ಆಯಿತು. (ಈಗ ಕಾಲೇಜು ಹುಡುಗಿಯರಿಗೆ ಕಪ್ಪಿಟ್ಟ ಲೋಹದ ಒಡವೆಯೇ ಫ್ಯಾಷನ್ನು. ಮನುವಿಗೆ ಯಾರಾದರೂ ಸುದ್ದಿ ಮುಟ್ಟಿಸಿ.)

ಅವ್ವನ ಮಾತು ಪೂರಾ ಸುಳ್ಳೂ ಅಲ್ಲ. ಗುಜರಾತಿನ ಕಾಂಡ್ಲಾದಲ್ಲಿ ಪರದೇಶದ ಹಳೆ ಬಟ್ಟೆ ಬೇಲುಗಟ್ಟಲೆ ಇಳಿದು ವಿಂಗಡವಾಗುತ್ತದೆ. ಹರಿಯಾಣದ ಪಾಣಿಪತ್ತಿನಲ್ಲಿ ಉಣ್ಣೆ ಬಟ್ಟೆ ಹರಿದು ಮತ್ತೆ ನೂಲು ಮಾಡಿ ಕಂಬಳಿ ನೇಯುತ್ತಾರೆ. ಅಲ್ಲೂ ಗುಂಡಿ, ಜಿಪ್ಪು ಕತ್ತರಿಸುತ್ತ ಕುಂತವರು ಬಡ ಹೆಂಗಸರು. ಸಮುದ್ರದ ಆಚೆ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಕಾಂಟಮಾಂಟೊ ಎಂಬ ದೊಡ್ಡ ಹಳೆ ಬಟ್ಟೆ ಬಜಾರಿದೆ. 2025ರ ಜನವರಿಯಲ್ಲಿ ಬೆಂಕಿ ಬಿದ್ದು ಅದರ ಬಹುಭಾಗ ಸುಟ್ಟುಹೋಯಿತು. ಆ ದೇಶದವರ ಮಾತಿನಲ್ಲಿ ಇಂಥ ಬಟ್ಟೆಗೆ ‘ಸತ್ತ ಬಿಳಿಯನ ಬಟ್ಟೆ’ ಅಂತಲೇ ಹೆಸರು. ಇಷ್ಟು ಒಳ್ಳೆ ಬಟ್ಟೆಯನ್ನು ಬದುಕಿದ್ದವನು ಯಾಕೆ ಬಿಸಾಕುತ್ತಾನೆ, ಸತ್ತಿರಲೇಬೇಕು ಅನ್ನುವ ಲೆಕ್ಕಾಚಾರ. ನಮ್ಮವ್ವ ಮತ್ತು ಅಕ್ರಾದ ಅವ್ವಂದಿರು ಒಂದೇ ಮಾತಾಡುತ್ತಾರೆ. ಆದರೆ ಹೆಣದ ಬಟ್ಟೆಯನ್ನು ನಮ್ಮ ಮೇಲೆ ಹೊದಿಸುವುದು ಬೇರೆ, ನಾವೇ ಬಟ್ಟೆ ಆರಿಸಿ ಒಗೆದು, ಅಳತೆಗೆ ಹೊಲಿದು, ಇಸ್ತ್ರಿ ಹೊಡೆದು ಬಸ್‌ಸ್ಟ್ಯಾಂಡಿನಲ್ಲಿ ಎದೆ ಸೆಟೆಸಿ ನಿಲ್ಲುವುದು ಬೇರೆ.

ಹಾಗೆ ನಿಂತದ್ದಕ್ಕೆ ಏನಾಗುತ್ತದೆ? 2012ರ ನವೆಂಬರಿನಲ್ಲಿ ತಮಿಳುನಾಡಿನ ಧರ್ಮಪುರಿಯಲ್ಲಿ ದಲಿತರ ಕೇರಿಗಳಿಗೆ ಬೆಂಕಿ ಬಿತ್ತು. ಆಗ ಪಿಎಂಕೆಯ ನಾಯಕ ರಾಮದಾಸ್ ಆಡಿದ ಮಾತಿನ ಸಾರ ಏನು? ದಲಿತ ಹುಡುಗರು ಜೀನ್ಸು, ಟೀ ಶರ್ಟು, ಕರಿ ಕನ್ನಡಕ ಹಾಕಿಕೊಂಡು ಬೇರೆ ಜಾತಿಯ ಹುಡುಗಿಯರನ್ನು ಮರುಳು ಮಾಡುತ್ತಾರಂತೆ. 2023ರಲ್ಲಿ ಗುಜರಾತಿನ ಪಾಲನ್‌ಪುರದ ಹತ್ತಿರ ಒಬ್ಬ ದಲಿತ ಹುಡುಗನನ್ನು ಒಳ್ಳೆ ಬಟ್ಟೆ, ಕರಿ ಕನ್ನಡಕ ಹಾಕಿದ್ದಕ್ಕೆ ಹೊಡೆದರು. ದೂರ ಯಾಕೆ? 1997ರ ತನಕ ನಮ್ಮ ಜಿಲ್ಲೆಯೇ ಆಗಿದ್ದ ಕೊಪ್ಪಳದ ಮರಕುಂಬಿ. 2014ರಲ್ಲಿ ಗಂಗಾವತಿಯಲ್ಲಿ ಸಿನಿಮಾ ನೋಡಲು ಹೋದಲ್ಲಿ ಎದ್ದ ಜಗಳ, ಅದರ ಬೆನ್ನಿಗೆ ಕ್ಷೌರದಂಗಡಿ ಮತ್ತು ಹೋಟೆಲ್ಲಿಗೆ ಬಿಟ್ಟುಕೊಳ್ಳದ ತಕರಾರು, ಕೊನೆಗೆ ಕೇರಿಗೆ ಬೆಂಕಿ. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಹಾಕಿತು. ತಿಂಗಳೊಪ್ಪತ್ತಿನಲ್ಲಿ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನೂ ಆಯಿತು. ಸಿನಿಮಾ, ಕ್ಷೌರ. ಇವು ಶೋಕಿಯ ವಿಷಯಗಳು ಅಣ್ಣಾರೆ. ಇವಕ್ಕೇ ಮನೆ ಸುಟ್ಟದ್ದು. ನಮ್ಮ ಹುಡುಗನ ಕರಿ ಕನ್ನಡಕ ಏನು ಅನ್ನುವುದು ಜಾತಿವಾದಿಗೆ ಗೊತ್ತಿದೆ. ನಿಮಗೆ ಗೊತ್ತಾಗಲಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಬಾಬಾಸಾಹೇಬರಿಗೆ ಗೊತ್ತಿತ್ತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಆ ಮಾತು ಪ್ರತಿ ಭಾಷಣದಲ್ಲೂ ಬರುತ್ತದೆ. ಅದೇ ದಿನಗಳಲ್ಲಿ ಅಲ್ಲಿ ಸೇರಿದ್ದ ನಮ್ಮ ಹೆಂಗಸರಿಗೆ, ಸೀರೆ ಉಡುವ ರೀತಿ ಬದಲಿಸಿ, ಜಾತಿ ಸಾರುವ ಆ ಭಾರದ ಒಡವೆ ಬಿಚ್ಚಿ ಹಾಕಿ, ಉಡುಗೆ ನೋಡಿ ಯಾರೂ ನಿಮ್ಮ ಜಾತಿ ಗುರುತಿಸಬಾರದು ಎಂದು ಹೇಳಿದ್ದು ಯಾಕೆ ಬರುವುದಿಲ್ಲ? ಹೆಂಗಸರು ಊರಿಗೆ ಹೋಗುವ ಮೊದಲೇ ಸೆರಗು, ನೆರಿಗೆ ಬದಲಿಸಿಕೊಂಡರು. ಗಾಂಧೀಜಿ 1921ರಲ್ಲಿ ಮಧುರೈನಲ್ಲಿ ಅಂಗಿ ಬಿಟ್ಟರು, ಜಗತ್ತು ಕೈ ಮುಗಿಯಿತು. ಬಿಡಲು ಮೊದಲು ಇರಬೇಕು. ಇಲ್ಲದವರ ಮಗ ತೊಟ್ಟ ಕೋಟು ಬಿಚ್ಚಲಿಲ್ಲ. ಪಾ. ರಂಜಿತ್ ಇದೇ ವಿಷಯವನ್ನು 2016ರ ‘ಕಬಾಲಿ’ಯಲ್ಲಿ ರಜನೀಕಾಂತ್ ಬಾಯಿಂದ ಆಡಿಸಿದಾಗ ನಾನು ಇನ್ನೂ ಹುಡುಗಿ. ಥೇಟರಿನಲ್ಲಿ ಸೀಟಿ ಹೊಡೆದಿದ್ದೆ.

ನಿಮ್ಮ ಕಡೆಗೂ ಒಂದು ಸತ್ಯ ಇದೆ, ಅದನ್ನು ನುಂಗುವುದಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಮೂವರು ಹುಡುಗರು ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸಲು ಹೋಗಿ ಕರೆಂಟು ಹೊಡೆದು ಸತ್ತರು. ‘ಕೆಜಿಎಫ್’ ಗಡ್ಡ ನನ್ನ ತಮ್ಮನೂ ಬಿಟ್ಟಿದ್ದಾನೆ, ‘ಪುಷ್ಪ’ ಬಂದಾಗ ಆರು ತಿಂಗಳು ಒಂದು ಭುಜ ಎತ್ತಿಕೊಂಡೇ ಓಡಾಡಿದ. ನಾನು ನಕ್ಕಿದ್ದೇನೆ. ಆದರೆ ಅವನು ಕಟೌಟಿಗೆ ಹಾಲು ಹೊಯ್ಯಲು ಹೊರಟರೆ ಕಾಲು ಮುರಿಯುತ್ತೇನೆ. ನಟನ ಅಂಗಿ ಇಸಿದುಕೊಳ್ಳೋಣ, ಪಾದ ಬೇಡ. ಬಳ್ಳಾರಿಯಲ್ಲಿ ಪೀಸಿನ ಲೆಕ್ಕಕ್ಕೆ ಜೀನ್ಸು ಹೊಲಿಯುವವರ ಬೆನ್ನುನೋವಿನ ಮಾತೂ ಬರಬೇಕು, ಬರಲಿ. ಅದಕ್ಕೆ ನೀವು ಮುಂದೆ ನಿಲ್ಲಿ, ಜೀನ್ಸು ಹಾಕಿಕೊಂಡೇ ಹಿಂದೆ ಬರುತ್ತೇನೆ.

ಬೆಂಗಳೂರಿನ ಉಳ್ಳವರ ಮಕ್ಕಳು ಹಳೆ ಬಟ್ಟೆಗೆ ‘ಥ್ರಿಫ್ಟ್’ ಅಂತ ಹೆಸರಿಟ್ಟು ಫೋನಿನಲ್ಲಿ ಮಾರಾಟಕ್ಕೆ ಇಟ್ಟಿದ್ದಾರೆ, 80ರ ಜಾಕೀಟು 800 ಆಗಿದೆ. ಅವರಿಗೆ ಹರಿದ ಜೀನ್ಸು ಚೆಂದ, ಯಾಕೆಂದರೆ ಹರಿದದ್ದನ್ನು ಯಾರೂ ಅವರ ಹಣೆಗೆ ಬರೆದಿಲ್ಲ. ತಮ್ಮ ಅಂಥದೊಂದು ತಂದು ಬಾಗಿಲ ಗೂಟಕ್ಕೆ ಹಾಕಿದ್ದ. ಬೆಳಗಾಗುವುದರೊಳಗೆ ಅವ್ವ ಎರಡೂ ಮೊಣಕಾಲಿಗೆ ಅಚ್ಚುಕಟ್ಟಾಗಿ ತೇಪೆ ಹಾಕಿದ್ದಳು.

ಇನ್ನು ಆ ಎರಡು ಅಂಗಿಯ ಮಾತು. ಅಣ್ಣಾರೆ, ನಿಮ್ಮ ಮನೆಯ ಪಡಸಾಲೆಯ ಗೋಡೆಗೆ 1980ರ ಸುಮಾರಿನ ಫೋಟೋ ಇದೆ. ಜಾಥಾದ ಮುಂದೆ ನೀವು, ಕೈಯಲ್ಲಿ ಹಲಗೆ. ಕಿವಿ ಮುಚ್ಚುವ ಕೂದಲು, ನೆಲ ಗುಡಿಸುವ ಬೆಲ್‌ಬಾಟಮ್ಮು, ಕೊರಳಪಟ್ಟಿ ಆನೆಯ ಕಿವಿಯಷ್ಟು. ಆ ಪ್ಯಾಂಟು ಎಲ್ಲಿ ಹೊಲಿಸಿದಿರಿ, ಎಷ್ಟು ಸಲ ಅಳತೆ ಕೊಟ್ಟಿರಿ, ಮುಂದಿನ ಸಲ ಬಂದಾಗ ಕೇಳುತ್ತೇನೆ. ಅತ್ತಿಗೆಯನ್ನೂ ಕೇಳುತ್ತೇನೆ.

ಏಪ್ರಿಲ್ 14ಕ್ಕೆ ಮಾನ್ವಿಗೆ ಬರುತ್ತಿದ್ದೇನೆ. ಚಾಚಾನ ಹತ್ತಿರ ಒಂದು ನೀಲಿ ಕೋಟು ಬಂದಿದೆ, ಗಂಡಸರದ್ದು, ಒಳಗಿನ ಅಸ್ತರು ಇನ್ನೂ ಹೊಸದಿದ್ದ ಹಾಗಿದೆ. ತೋಳು ಎರಡು ಬೆರಳು ಒಳಗೆ ಹಿಡಿಸಬೇಕು. 250 ಹೇಳ್ಯಾನ. 100ಕ್ಕ ಕೇಳಿ ಎದ್ದು ಬಂದೀನಿ.