ಹಳೆಯ ಜೀಪಿಗೆ ದೊಡ್ಡ ಟೈರು

ಮಲೆನಾಡಿನಲ್ಲಿ ಹಳೆಯ ಜೀಪು ಇನ್ನೂ ಕಣ್ಮರೆಯಾಗಿಲ್ಲ. ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ಸುತ್ತಣ ಕಾಫಿ ತೋಟಗಳಲ್ಲಿ ಗೊಬ್ಬರ ಸಾಗಿಸುವುದಕ್ಕೂ, ಕೆಲಸಗಾರರನ್ನು ಕರೆತರುವುದಕ್ಕೂ, ಮಳೆಗಾಲದ ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಅದೇ ಆಧಾರ. ಮಾಂದಲಪಟ್ಟಿಯ ಬೆಟ್ಟಕ್ಕೆ ಪ್ರವಾಸಿಗಳನ್ನು ಹತ್ತಿಸುವುದೂ ಜೀಪುಗಳೇ. ಸ್ವಾತಂತ್ರ್ಯಾನಂತರ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದಂದಿನಿಂದ ಈ ವಾಹನ ನಮ್ಮ ಬೆಟ್ಟದ ಬದುಕಿನಲ್ಲಿ ಬೆರೆತುಹೋಗಿದೆ.

ಈಚೆಗೆ ನಮ್ಮ ತರುಣರಲ್ಲಿ ಒಂದು ಹೊಸ ಉತ್ಸಾಹ ಕಾಣುತ್ತಿದೆ. ತಂದೆಯ ಅಥವಾ ತಾತನ ಕಾಲದ ಜೀಪನ್ನು ಹೊರತೆಗೆದು, ಬಣ್ಣ ಬಳಿದು, ಅದಕ್ಕೆ ಮೊದಲಿದ್ದುದಕ್ಕಿಂತ ದೊಡ್ಡದಾದ ಟೈರುಗಳನ್ನು ತೊಡಿಸುವುದು. ಹಳೆಯ ಯಂತ್ರವನ್ನು ಪ್ರೀತಿಸುವುದು ಒಳ್ಳೆಯ ಗುಣ. ಆ ಪ್ರೀತಿಯನ್ನು ನಾನು ಹಳಿಯುವವನಲ್ಲ. ಆದರೆ ಟೈರನ್ನು ಮಾತ್ರ ದೊಡ್ಡದು ಮಾಡಿ, ಉಳಿದುದೆಲ್ಲವನ್ನೂ ಇದ್ದಂತೆಯೇ ಬಿಡುವುದು ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ. ಹೈಸ್ಕೂಲಿನಲ್ಲಿ ಕಲಿತ ಗಣಿತ ಮತ್ತು ಭೌತಶಾಸ್ತ್ರದಿಂದಲೇ ಇದನ್ನು ತೋರಿಸಿಕೊಡಬಹುದು.

ಮೊದಲು ಎದುರುಪಕ್ಷದವರ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ದೊಡ್ಡ ಗಾಲಿ ಹಳ್ಳತಿಟ್ಟುಗಳನ್ನು ಸುಲಭವಾಗಿ ದಾಟುತ್ತದೆ. ನಮ್ಮ ಹಿರಿಯರು ಎತ್ತಿನ ಗಾಡಿಗೆ ಎದೆಮಟ್ಟದ ಗಾಲಿ ಕಟ್ಟಿದ್ದು ಸುಮ್ಮನೆ ಅಲ್ಲ. ಹಳೆಯ ಜೀಪಿನ ಮೂಲ ಟೈರು 6.00–16 ಎಂಬ ಅಳತೆಯದು. ಅಂದರೆ ಟೈರಿನ ಅಗಲ 6 ಅಂಗುಲ, ಅದು ಕೂರುವ ರಿಮ್ಮಿನ ವ್ಯಾಸ 16 ಅಂಗುಲ. ಟೈರಿನ ಎತ್ತರವೂ ಹೆಚ್ಚುಕಡಮೆ ಅದರ ಅಗಲದಷ್ಟೇ ಇರುವುದರಿಂದ ಒಟ್ಟು ವ್ಯಾಸ ಸುಮಾರು 28 ಅಂಗುಲವಾಗುತ್ತದೆ. ಇದರ ಬದಲು 31 ಅಂಗುಲ ವ್ಯಾಸದ ಟೈರು ಹಾಕಿದೆವೆಂದು ಇಟ್ಟುಕೊಳ್ಳೋಣ. 4 ಅಂಗುಲ ಎತ್ತರದ ಕಲ್ಲೊಂದು ಅಡ್ಡವಾದಾಗ, ಗಾಲಿಯನ್ನು ಅದರ ಮೇಲೇರಿಸಲು ಅಚ್ಚಿನ ಮಟ್ಟದಲ್ಲಿ ಮುಂದಕ್ಕೆ ಎಳೆಯಬೇಕಾದ ಬಲವನ್ನು ಲೆಕ್ಕ ಹಾಕಬಹುದು. ಗಾಲಿ ಗಟ್ಟಿಯಾದುದೆಂದು ಭಾವಿಸಿದರೆ, ಚಿಕ್ಕದಕ್ಕೆ ಅದರ ಮೇಲಣ ಭಾರದ ಶೇಕಡ 98ರಷ್ಟು ಬಲ ಬೇಕು. ದೊಡ್ಡದಕ್ಕೆ ಶೇಕಡ 90 ಸಾಕು. ಲಾಭ ನಿಜವಾದುದೇ. ಆದರೆ ನೆಲದಿಂದ ಅಚ್ಚಿನ ಎತ್ತರ ಹೆಚ್ಚುವುದು 3 ಅಂಗುಲವಲ್ಲ, ಅದರ ಅರ್ಧ, 1½ ಅಂಗುಲ ಮಾತ್ರ. ವ್ಯಾಸದ ಇನ್ನರ್ಧ ಅಚ್ಚಿನ ಮೇಲುಗಡೆಗೆ ಹೋಗಿಬಿಡುತ್ತದೆ. ಇದನ್ನು ಮರೆತು ಹಣ ತೆತ್ತವರು ಅನೇಕರು.

ಇನ್ನು ನಷ್ಟದ ಲೆಕ್ಕ. 31ನ್ನು 28ರಿಂದ ಭಾಗಿಸಿದರೆ 1.107 ಬರುತ್ತದೆ. ಗಾಲಿ ಒಂದು ಸುತ್ತಿಗೆ ಕ್ರಮಿಸುವ ದೂರ ಶೇಕಡ 10ಕ್ಕಿಂತ ತುಸು ಹೆಚ್ಚಾಯಿತು ಎಂದರ್ಥ. ಜೀಪಿನ ವೇಗಮಾಪಕವಾದರೋ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ರಸ್ತೆಯನ್ನು ಅಳೆಯುವುದಿಲ್ಲ. ಅದು 60 ಕಿಲೋಮೀಟರು ಎಂದು ತೋರಿಸುವಾಗ ವಾಹನ 66ಕ್ಕೂ ಮಿಗಿಲಾದ ವೇಗದಲ್ಲಿ ಓಡುತ್ತಿರುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಚಾಲಕನಿಗೆ ಅರಿವಿಲ್ಲದೆಯೇ ವಾಹನದ ಚಲನಶಕ್ತಿ ಶೇಕಡ 22ರಷ್ಟು ಏರಿರುತ್ತದೆ.

ಬ್ರೇಕಿನ ವಿಷಯವಂತೂ ಇನ್ನೂ ಗಂಭೀರ. ಬೀಸುವ ಕಲ್ಲನ್ನು ಅಂಚಿನ ಗೂಟ ಹಿಡಿದು ತಿರುಗಿಸುವುದು ಸುಲಭ. ನಡುವಿನ ಹತ್ತಿರ ಕೈಯಿಟ್ಟು ಅದನ್ನು ತಡೆಯುವುದು ಕಷ್ಟ. ಬ್ರೇಕಿನ ಡ್ರಮ್ಮು ಗಾಲಿಯ ನಡುವಿನಲ್ಲಿರುವ ಆ ಕೈ. ರಸ್ತೆಯು ಅಂಚನ್ನು ಹಿಡಿದು ತಿರುಗಿಸುವ ಕೈ. ಡ್ರಮ್ಮಿನ ಅಳತೆ ಇದ್ದಷ್ಟೇ ಇದೆ, ಅಂಚು ಮಾತ್ರ ಹೊರಕ್ಕೆ ಸರಿದಿದೆ. ಆದುದರಿಂದ ಪೆಡಲನ್ನು ಅಷ್ಟೇ ಬಲವಾಗಿ ಒತ್ತಿದರೂ ರಸ್ತೆಯ ಮೇಲೆ ದೊರೆಯುವ ತಡೆಬಲ ಸುಮಾರು ಹತ್ತರಲ್ಲೊಂದು ಪಾಲು ಇಳಿಯುತ್ತದೆ. ಶಕ್ತಿ ಹೆಚ್ಚಿತು, ತಡೆ ಕುಗ್ಗಿತು. ಇವೆರಡನ್ನೂ ಗುಣಿಸಿ ನೋಡಿದರೆ, ವೇಗಮಾಪಕದ ಮುಳ್ಳು ಅದೇ ಅಂಕಿಯಲ್ಲಿರುವಾಗ ಅದೇ ಒತ್ತಡದಿಂದ ಬ್ರೇಕು ಹಾಕಿದ ಜೀಪು ನಿಲ್ಲಲು ಮೊದಲಿಗಿಂತ ಮೂರರಲ್ಲೊಂದು ಪಾಲಿಗೂ ಹೆಚ್ಚು ದೂರ ಬೇಡುತ್ತದೆ. 30 ಮೀಟರಿನಲ್ಲಿ ನಿಲ್ಲುತ್ತಿದ್ದುದು 40 ಮೀಟರು ದಾಟುತ್ತದೆ. ಮಲೆನಾಡಿನ ತಿರುವುಗಳಲ್ಲಿ ಆ 10 ಮೀಟರು ಎಲ್ಲಿದೆ?

ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡಿಲ್ಲ. ನನ್ನ ಸೋದರಳಿಯನೊಬ್ಬ ಹೀಗೆಯೇ ತನ್ನ ತಂದೆಯ ಜೀಪಿಗೆ 31 ಅಂಗುಲದ ಟೈರು ಹಾಕಿಸಿದ. ಮುಂಗಾರಿನ ಒಂದು ಸಂಜೆ ಆರು ಮಂದಿ ಕೆಲಸಗಾರರನ್ನು ಹಿಂದೆ ಕೂರಿಸಿಕೊಂಡು ತೋಟದಿಂದ ಇಳಿಯುತ್ತಿದ್ದ. ಪ್ರತಿದಿನದಂತೆ ಎರಡನೆಯ ಗೇರು, ಪ್ರತಿದಿನದ ಇಳಿಜಾರು, ಕೆಳಗೆ ತಿರುವು, ತಿರುವಿನಾಚೆ ಹಳ್ಳದ ಸೇತುವೆ. ಪೆಡಲು ಗಟ್ಟಿಯಾಗಿಯೇ ಇತ್ತು. ಜೀಪು ಮಾತ್ರ ಹಿಡಿತಕ್ಕೆ ಬರಲಿಲ್ಲ. ಸೇತುವೆಯ ಕಡೆಗೆ ಬಿಡದೆ ಅವನು ಎಡಗಡೆಯ ದರೆಗೆ ಜೀಪನ್ನು ಒತ್ತಿಸಿ ನಿಲ್ಲಿಸಿದ. ಪ್ರಾಣಹಾನಿ ಆಗಲಿಲ್ಲ. ಹಿಂದೆ ಕುಳಿತಿದ್ದ ಒಬ್ಬ ಹೆಂಗಸಿನ ಮಣಿಕಟ್ಟು ಮುರಿಯಿತು. ಆ ವರ್ಷದ ಕೊಯ್ಲಿಗೆ ಆಕೆ ಬರಲಾಗಲಿಲ್ಲ. "ಮಾವ, ಬ್ರೇಕು ಮೊನ್ನೆ ತಾನೇ ಮಾಡಿಸಿದ್ದೆ" ಎಂದು ಹುಡುಗ ಮತ್ತೆ ಮತ್ತೆ ಹೇಳುತ್ತಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಡ್ರಮ್ಮುಗಳನ್ನು ಬಿಚ್ಚಿ ನೋಡಿದೆವು. ಲೈನಿಂಗು ಹೊಸದು, ಎಣ್ಣೆ ಸೋರಿರಲಿಲ್ಲ. ಅವನು ಬ್ರೇಕನ್ನು ಸರಿಮಾಡಿಸಿದ್ದ, ಲೆಕ್ಕವನ್ನು ಮಾಡಿರಲಿಲ್ಲ.

ಆ ಇಳಿಜಾರಿನಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಂಡಿತ್ತು. ಘಾಟಿ ಇಳಿಯುವಾಗ ವಾಹನವನ್ನು ತಡೆಯುವುದು ಬ್ರೇಕೊಂದೇ ಅಲ್ಲ, ಎಂಜಿನ್ನೂ ಹೌದು. ಸಿ.ಜೆ. 3ಬಿ ಎಂಬ ಮಾದರಿಯ ಜೀಪಿನಲ್ಲಿ ಪ್ರೊಪೆಲರ್ ಶಾಫ್ಟು 5.38 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಜೋಡಿಸಿದ್ದರು. ಸುಮಾರು 2.2 ಲೀಟರಿನ ಸಣ್ಣ ಎಂಜಿನ್ನು ಬೆಟ್ಟವನ್ನು ಹತ್ತಲಿ, ಇಳಿಯುವಾಗ ಹಿಡಿದುಕೊಳ್ಳಲಿ ಎಂಬುದೇ ಅದರ ಉದ್ದೇಶ. 31 ಅಂಗುಲದ ಟೈರು ಹಾಕಿದರೆ, ರಸ್ತೆಯ ದೃಷ್ಟಿಯಿಂದ ಆ 5.38 ಎಂಬುದು 4.86ಕ್ಕೆ ಇಳಿದಂತೆ. ಹತ್ತುವಾಗ ಎಂಜಿನ್ನು ಏದುಸಿರು ಬಿಡುತ್ತದೆ, ಇಳಿಯುವಾಗ ಅದರ ಹಿಡಿತ ಸಡಿಲುತ್ತದೆ. ಆ ಸಡಿಲಿನ ಭಾರವೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಡ್ರಮ್ಮು ಕಾದಷ್ಟೂ ಅದರ ಕಚ್ಚುವ ಗುಣ ಕಡಮೆಯಾಗುತ್ತದೆ.

ಅಚ್ಚಿನೊಳಗಣ ಶಾಫ್ಟುಗಳ ಪಾಡೂ ಇಷ್ಟೇ. ಚಿಕ್ಕ ಟೈರು ಕಷ್ಟ ಮೀರಿದಾಗ ನೆಲದ ಮೇಲೆ ಜಾರಿ ಸುತ್ತುತ್ತದೆ. ಆ ಜಾರುವಿಕೆಯೇ ಶಾಫ್ಟಿಗೆ ರಕ್ಷಣೆ. ದೊಡ್ಡ ಟೈರಿನಲ್ಲಿ ಜಾರುವ ಮುನ್ನ ಶಾಫ್ಟು ಹೊರಬೇಕಾದ ತಿರುಚು, ತ್ರಿಜ್ಯ ಬೆಳೆದಷ್ಟೇ ಪ್ರಮಾಣದಲ್ಲಿ ಬೆಳೆಯುತ್ತದೆ. ಹಲವು ದಶಕ ದುಡಿದು ದಣಿದ ಉಕ್ಕು ಅದನ್ನು ತಾಳೀತೆಂದು ಯಾರು ಹೇಳಬಲ್ಲರು? ಗುರುತ್ವಕೇಂದ್ರ ಮೇಲೇರುವ ಭಯವನ್ನೂ ಕೆಲವರು ಮುಂದಿಡುತ್ತಾರೆ. 1½ ಅಂಗುಲದ ಏರಿಕೆಯಿಂದ ವಾಹನ ಮಗುಚುವ ಕೋನ ಒಂದೂವರೆ ಡಿಗ್ರಿಯಷ್ಟು ಇಳಿದೀತು. ಅದನ್ನು ನಾನು ದೊಡ್ಡದು ಮಾಡಿ ಹೇಳುವುದಿಲ್ಲ. ಆದರೆ ಟೈರಿನ ಜೊತೆಗೆ ಪಟ್ಟಿಗಳನ್ನೂ ಎತ್ತರಿಸಿದರೆ ಆ ಲೆಕ್ಕವೇ ಬೇರೆ.

"ಹೊರದೇಶಗಳಲ್ಲಿ ಇದಕ್ಕಿಂತ ದೊಡ್ಡ ಟೈರು ಹಾಕುವುದಿಲ್ಲವೇ?" ಎಂದು ತರುಣರು ಕೇಳುತ್ತಾರೆ. ಹಾಕುತ್ತಾರೆ, ನಿಜ. ಆದರೆ ಕೆಲಸ ಬಲ್ಲವರು ಅಲ್ಲಿ ಹಲ್ಲುಚಕ್ರಗಳನ್ನೂ ಬ್ರೇಕುಗಳನ್ನೂ ಶಾಫ್ಟುಗಳನ್ನೂ ಜೊತೆಗೇ ಬದಲಿಸಿರುತ್ತಾರೆ. ಚಿತ್ರದಲ್ಲಿ ನಮಗೆ ಕಾಣುವುದು ಟೈರು ಮಾತ್ರ. ನಮ್ಮಲ್ಲಿ ಕಾನೂನಿನ ತಡೆಯೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿಯಿತು.

ಹಾಗಾದರೆ ಕೆಸರಿನಲ್ಲಿ ಹೂತು ಕುಳಿತಿರಬೇಕೇ? ಬೇಕಿಲ್ಲ. ಟೈರು ನೆಲವನ್ನು ಒತ್ತುವ ವಿಸ್ತಾರ, ಸ್ಥೂಲವಾಗಿ, ಅದರ ಮೇಲಣ ಭಾರವನ್ನು ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಒಂದು ಗಾಲಿಯ ಮೇಲೆ 600 ಪೌಂಡು ಭಾರವಿದ್ದು, ಗಾಳಿ ಚದರ ಅಂಗುಲಕ್ಕೆ 30 ಪೌಂಡಿನಷ್ಟಿದ್ದರೆ ನೆಲ ಮುಟ್ಟುವುದು 20 ಚದರ ಅಂಗುಲ. ಗಾಳಿಯನ್ನು 18ಕ್ಕೆ ಇಳಿಸಿದರೆ 33 ಚದರ ಅಂಗುಲ. ಬಿಡಿಗಾಸಿನ ಖರ್ಚಿಲ್ಲದೆ ಟೈರು ಅಗಲವಾದಂತಾಯಿತು! ನಿಧಾನವಾಗಿ ಕೆಸರು ದಾಟಿ, ಡಾಂಬರು ರಸ್ತೆ ಸಿಕ್ಕೊಡನೆ ಮರಳಿ ಗಾಳಿ ತುಂಬಿಸಬೇಕು. ಇಳಿಸಿದ ಗಾಳಿಯಲ್ಲಿ ವೇಗವಾಗಿ ಓಡಿಸುವುದು ಅಪಾಯಕರ. ಒಂದು ಪಂಪು, ಒಂದು ಒತ್ತಡಮಾಪಕ, ಮೂಲ ಅಳತೆಯಲ್ಲೇ ಆಳವಾದ ಕಟ್ಟಿನ ಒಳ್ಳೆಯ ಟೈರು, ಇಷ್ಟಿದ್ದರೆ ತೋಟದ ದಾರಿಗೆ ಬಹುಮಟ್ಟಿಗೆ ಸಾಲುತ್ತದೆ. ತೆಳುವಾದ ಕೆಸರಿನ ಕೆಳಗೆ ಗಟ್ಟಿ ನೆಲವಿರುವಲ್ಲಿ ಕಿರಿದಾದ ಟೈರೇ ಕೆಸರನ್ನು ಸೀಳಿ ನೆಲ ಹಿಡಿಯುತ್ತದೆ.

ಯಂತ್ರವೊಂದರಲ್ಲಿ ಬಿಡಿಭಾಗ ಎಂಬುದು ಹೆಸರಿಗೆ ಮಾತ್ರ ಬಿಡಿ. ಜೀಪನ್ನು ರಚಿಸಿದವರು ಟೈರಿನ ತ್ರಿಜ್ಯವನ್ನು ಮುಂದಿಟ್ಟುಕೊಂಡೇ ಬ್ರೇಕು, ಗೇರು, ಶಾಫ್ಟುಗಳನ್ನು ನಿರ್ಧರಿಸಿದರು. ಅದನ್ನು ಬದಲಿಸುವ ಇಚ್ಛೆ ನಿಮಗಿದ್ದರೆ, ಅಂಗಡಿಗೆ ಹೋಗುವ ಮುನ್ನ ಒಂದು ಅಳತೆಪಟ್ಟಿ ಹಿಡಿದು ಜೀಪಿನ ಬಳಿಗೆ ಹೋಗಿ. ನೆಲದಿಂದ ಅಚ್ಚಿನ ನಡುವಿಗೆ ಎಷ್ಟು ಎಂದು ಅಳೆಯಿರಿ, ಇಲ್ಲಿ ಮಾಡಿದ ಭಾಗಾಕಾರ ಗುಣಾಕಾರಗಳನ್ನು ನಿಮ್ಮ ಅಂಕಿಗಳಿಂದ ಮತ್ತೊಮ್ಮೆ ಮಾಡಿ. ಉತ್ತರ ಬಂದ ಮೇಲೆ, ಆ ಜೀಪಿನ ಹಿಂದುಗಡೆಯ ಬೆಂಚಿನ ಮೇಲೆ ನಿತ್ಯವೂ ಕೂರುವವರು ಯಾರೆಂಬುದನ್ನು ನೆನೆದು ತೀರ್ಮಾನಿಸಿರಿ.